ಕೆಲ್ಲಾಳ ನಾಲ್ಕನೆಯ ಕಿವಿ

ಗುಡಾರದ ಮುಂದೆ ಸಜ್ಜೆ ಕುಟ್ಟುವ ಸದ್ದು ನಿಂತರೆ ಸಾಕು, ತೆಹಿತಾಳಿಗೆ ಎಚ್ಚರವಾಗಿಬಿಡುತ್ತಿತ್ತು. ಸದ್ದು ಇರುವಷ್ಟು ಹೊತ್ತೂ ಹಾಯಾದ ನಿದ್ದೆ. ಅದಕ್ಕೇ ಫೆನ್ನಾ ಹಣೆಯ ಬೆವರು ಒರೆಸಿಕೊಳ್ಳುವಾಗಲೂ ಇನ್ನೊಂದು ಕೈಯಿಂದ ಒನಕೆ ಎತ್ತಿ ಹಾಕುತ್ತಲೇ ಇರುತ್ತಿದ್ದಳು.

"ಸಾವಕಾಶ ಕಣೇ," ಎಂದಳು ಪಕ್ಕದಲ್ಲಿ ಕೂತು ಕಾಳು ಕೇರುತ್ತಿದ್ದ ದೀಜಾ ಮುದುಕಿ. "ಒರಳು ಒಡೆದ್ರೆ ಹೊಸದು ತರ್ತಾರೆ. ನಿನ್ನ ತೋಳು ಹೋದ್ರೆ ನನ್ನ ಹಾಗೆ ಮೂಲೆಗೆ ಹಾಕ್ತಾರೆ."

ಫೆನ್ನಾ, ದೀಜಾ ಇಬ್ಬರೂ ತೆಹಿತಾಳ ತೊತ್ತುಗಳು. ಫೆನ್ನಾ ಆ ಗುಡಾರದಲ್ಲೇ ಹುಟ್ಟಿದವಳು, ಮೂವತ್ತು ದಾಟಿದವಳು. ದೀಜಾಳ ವಯಸ್ಸು ದೀಜಾಳಿಗೇ ಗೊತ್ತಿಲ್ಲ. ಅವಳು ಬಲಗಾಲು ಎಳೆದುಕೊಂಡು ನಡೆಯುತ್ತಿದ್ದಳು. ಹರೆಯದಲ್ಲಿ ಎರಡು ಸಲ ಓಡಿಹೋದವಳು ಅವಳು. ಮೊದಲ ಸಲ ಫ್ರೆಂಚರ ಕೋಟೆಯವರೆಗೂ ಹೋಗಿ ಅಲ್ಲಿನ ಅಧಿಕಾರಿಯ ಕಾಲು ಹಿಡಿದಳು. ಅವನು ನೀರು ಕೊಟ್ಟ, ಖರ್ಜೂರ ಕೊಟ್ಟ, ನಿಮ್ಮ ಜನರ ಪದ್ಧತಿಯಲ್ಲಿ ನಾವು ಕೈಹಾಕುವುದಿಲ್ಲ ಎಂದು ಹೇಳಿ ಇಬ್ಬರು ಸವಾರರ ಜೊತೆ ವಾಪಸು ಕಳಿಸಿದ. ಎರಡನೆಯ ಸಲ ಮೂರು ದಿನ ನಡೆದು, ನಾಲಿಗೆ ಒಣಗಿ ಬಿದ್ದವಳನ್ನು ಆಡು ಕಾಯುವವರು ಹೊತ್ತು ತಂದರು. ಓಡಿಹೋದ ಗುಲಾಮನನ್ನು ಕಂಡವರು ಹಿಡಿದುಕೊಡಬೇಕು, ನೀರು ಕೊಟ್ಟು ಬಚ್ಚಿಟ್ಟವರು ಒಡೆಯನಿಗೆ ಒಂದು ಒಂಟೆ ತೆರಬೇಕು. ನಮ್ಮ ಮರಳುನಾಡಿನ ಕಟ್ಟಳೆಯೇ ಹಾಗೆ. ಆ ಸಲ ತೆಹಿತಾಳ ತಂದೆ ದೀಜಾಳ ಹಿಮ್ಮಡಿಯ ನರ ಕೊಯ್ಯಿಸಿದ.

"ಬಾ ಮಗಳೇ ಅಂತ ಕರೆದೇ ಕೊಯ್ಯಿಸಿದ್ರು," ಎಂದು ದೀಜಾ ನಗುನಗುತ್ತಾ ಹೇಳುತ್ತಿದ್ದಳು.

ನಮ್ಮಲ್ಲಿ ಗುಲಾಮರು ಒಡೆಯನನ್ನು ಅಪ್ಪ ಎಂದೂ ಒಡತಿಯನ್ನು ಅಮ್ಮ ಎಂದೂ ಕರೆಯಬೇಕು. ಒಡೆಯರೂ ಅವರನ್ನು ಮಕ್ಕಳೇ ಎನ್ನುತ್ತಾರೆ. ಆ ಮಕ್ಕಳು ಗುಡಾರದ ಹೊರಗೆ ಮಲಗುತ್ತಾರೆ, ಎಲ್ಲರೂ ಉಂಡಾದ ಮೇಲೆ ಉಣ್ಣುತ್ತಾರೆ, ಮದುವೆಯಲ್ಲಿ ಚಾಪೆ ಪಾತ್ರೆಗಳ ಜೊತೆ ಬಳುವಳಿಯಾಗಿ ಹೋಗುತ್ತಾರೆ. ಇದನ್ನು ಕಂಡೂ ಕಾಣದ ಹಾಗೆ ಬಾಳಿದವರು ನಾವು. ಯಾರಾದರೂ ಹೊರಗಿನವರು ಕೇಳಿದರೆ ಎದೆಯುಬ್ಬಿಸಿ ಒಂದು ಕಟ್ಟಳೆಯನ್ನು ತೋರಿಸುತ್ತಿದ್ದೆವು. ಅದು ಕಿವಿ ಕೊಯ್ಯುವ ಕಟ್ಟಳೆ.

ಯಾವ ಗುಲಾಮನಿಗೆ ತನ್ನ ಒಡೆಯ ಬೇಡವಾದನೋ ಅವನು ತನಗೆ ಬೇಕೆನಿಸಿದ ಇನ್ನೊಬ್ಬರ ಒಂಟೆಯ ಕಿವಿಯ ತುದಿ ಕೊಯ್ಯಬಹುದು. ಆ ಗಾಯಕ್ಕೆ ಹಳೆಯ ಒಡೆಯ ಪರಿಹಾರ ಕೊಡಬೇಕು. ಪರಿಹಾರವೆಂದರೆ ಆ ಗುಲಾಮನೇ. ಯಾರಿಗೆ ಗಾಯವಾಯಿತೋ, ಗಾಯ ಮಾಡಿದವನು ಅವರ ಪಾಲು. ಒಂಟೆಯ ಕಿವಿಯೇ ಆಗಬೇಕೆಂದಿಲ್ಲ, ಮನುಷ್ಯರದೂ ಆದೀತು. ಬಿಡಾರದ ಹಿರಿಯ ಉಕ್ಸೆಮ್‌ನ ಎಡಗಿವಿಗೆ ತುದಿಯೇ ಇರಲಿಲ್ಲ. ಅವನು ಯುವಕನಾಗಿದ್ದಾಗ ಬೇರೆ ಬಿಡಾರದ ಗುಲಾಮನೊಬ್ಬ ಹಾಡುಹಗಲೇ ಕೊಯ್ದದ್ದು. ನಮ್ಮ ಗಂಡಸರು ಮುಖಕ್ಕೆ ಮುಸುಕು ಸುತ್ತುತ್ತಾರಷ್ಟೆ. ಉಕ್ಸೆಮ್ ಮಾತ್ರ ಆ ಮೊಂಡುಗಿವಿ ಹೊರಗೆ ಕಾಣುವ ಹಾಗೆ ಸುತ್ತಿಕೊಳ್ಳುತ್ತಿದ್ದ. ಅಂಥ ಕಿವಿ ದೊಡ್ಡ ಮಾನದ ಗುರುತು. ಗುಲಾಮರೇ ಹುಡುಕಿಕೊಂಡು ಬರುವಷ್ಟು ಒಳ್ಳೆಯವನು ಎಂದು ಅರ್ಥ.

ತೆಹಿತಾಳ ಮಂದೆಯಲ್ಲಿ ಅಂಥ ಒಂಟೆ ಒಂದೂ ಇರಲಿಲ್ಲ. ಅವಳ ಗಂಡನ ಕಡೆಯ ನಾದಿನಿ ಕೆಲ್ಲಾ, ನಾಲ್ಕು ಗುಡಾರಗಳ ಆಚೆ ಇದ್ದವಳು, ಅವಳ ಹತ್ತಿರ ಎರಡಿದ್ದವು. ಅವೆರಡನ್ನು ಬಾವಿಗೆ ಹೊಡೆಸುವಾಗ ಕೆಲ್ಲಾ ತೆಹಿತಾಳ ಬಾಗಿಲ ಮುಂದಿನಿಂದಲೇ ಹೊಡೆಸುತ್ತಿದ್ದಳು.

"ನೋಡ್ರೇ ಮೆರವಣಿಗೆ!" ಎಂದು ತೆಹಿತಾ ಕೂತಲ್ಲೇ ಕುದಿಯುತ್ತಿದ್ದಳು. "ಬಾವಿಗೆ ಬೇರೆ ದಾರಿ ಇಲ್ವಾ? ಬೇಕೂಂತ್ಲೇ ಮಾಡ್ತಾಳೆ. ಅದೇನು ಹಾಕಿ ಮರುಳು ಮಾಡ್ತಾಳೋ."

"ಬೆಣ್ಣೆ ಹಾಕ್ತಾರಮ್ಮ," ಎಂದಳು ದೀಜಾ.

"ಏನಂದೆ?"

"ಒಂಟೆ ಕಿವಿಗೆ ಬೆಣ್ಣೆ ಹಚ್ತಾರೆ ಅಂದೆ. ಗಾಯ ಮಾಯೋದಕ್ಕೆ."

ಫೆನ್ನಾ ಮುಖ ತಗ್ಗಿಸಿ ಒನಕೆ ಹಾಕಿದಳು. ಅವಳ ಸೆರಗಿನ ಅಂಚಿನಲ್ಲಿ ಹೊಲಿದಿಟ್ಟ ಒಂದು ಸಣ್ಣ ಚೂರಿಯಿತ್ತು. ಕಮ್ಮಾರನ ಹೆಂಡತಿಯ ಬಾಣಂತನ ಮಾಡಿದ್ದಕ್ಕೆ ಸಿಕ್ಕ ಮುರುಕು ಚೂರಿ. ಮೂರು ವರ್ಷದಿಂದ ಅದನ್ನು ಬಾವಿಯ ಕಲ್ಲಿಗೆ ಮಸೆಯುತ್ತಿದ್ದಳು. ಕೆಲ್ಲಾಳ ಬಿಳಿ ಒಂಟೆಯ ಕಿವಿ ಯಾವ ಕಡೆಯಿಂದ ಹಿಡಿಯಬೇಕು, ಎಷ್ಟು ಕೊಯ್ಯಬೇಕು, ಕೊಯ್ದ ಮೇಲೆ ಎಲ್ಲಿ ನಿಲ್ಲಬೇಕು, ಎಲ್ಲವನ್ನೂ ಲೆಕ್ಕ ಹಾಕಿ ಇಟ್ಟಿದ್ದಳು. ಅದನ್ನು ಅವಳು ಹೇಳಿದ್ದು ಒಬ್ಬಳಿಗೆ ಮಾತ್ರ, ಅದೇ ಗುಡಾರದ ತೊತ್ತಾಗಿದ್ದ ತನ್ನ ತಂಗಿ ಮಬ್ರೂಕಾಳಿಗೆ. ತಾಯಿ ಸತ್ತಾಗ ಮಬ್ರೂಕಾ ಮೊಣಕಾಲೆತ್ತರ ಇದ್ದಳು. ಬೆನ್ನಿಗೆ ಕಟ್ಟಿಕೊಂಡೇ ಸಜ್ಜೆ ಕುಟ್ಟಿ ಬೆಳೆಸಿದ್ದು ಫೆನ್ನಾ.

"ಮಳೆ ಬಿದ್ದು ಒಂಟೆಗಳು ಮೇವಿಂದ ವಾಪಸು ಬರ್ಲಿ," ಎನ್ನುತ್ತಿದ್ದಳು. ಮಳೆ ಬಿತ್ತು, ಒಂಟೆಗಳು ಬಂದವು. "ಅಮ್ಮಂಗೆ ಈಗ ಮೈ ಸರಿಯಿಲ್ಲ, ಅವಳು ಏಳ್ಲಿ." ತೆಹಿತಾ ಎದ್ದಳು. "ಚಳಿ ಕಳೀಲಿ." ಚಳಿಯೂ ಕಳೆಯಿತು.

ಒಂದು ಮಧ್ಯಾಹ್ನ ಫೆನ್ನಾ ಹಾಲಿನ ತೊಗಲುಚೀಲ ಅಲ್ಲಾಡಿಸುತ್ತಾ ಕೂತಿದ್ದಾಗ ಬಿಡಾರದ ಆ ಕೊನೆಯಿಂದ ಒಂಟೆ ಅರಚಿದ್ದು ಕೇಳಿಸಿತು. ಎಲ್ಲರೂ ಓಡಿದರು. ಕೆಲ್ಲಾಳ ಬಿಳಿ ಒಂಟೆಯ ಕುತ್ತಿಗೆಯ ಮೇಲೆ ರಕ್ತ ಇಳಿಯುತ್ತಿತ್ತು. ಪಕ್ಕದಲ್ಲಿ ಮಬ್ರೂಕಾ ನಿಂತಿದ್ದಳು, ಫೆನ್ನಾ ಹೇಳಿಕೊಟ್ಟ ಜಾಗದಲ್ಲೇ, ಫೆನ್ನಾಳ ಚೂರಿ ಹಿಡಿದು. ಹಿಂದಿನ ದಿನ ಸೆರಗು ಒಗೆದುಕೊಡುತ್ತೇನೆ ಎಂದು ತಂಗಿ ಇಸಿದುಕೊಂಡದ್ದು ಯಾಕೆಂದು ಫೆನ್ನಾಳಿಗೆ ಆಗ ತಿಳಿಯಿತು.

ಉಕ್ಸೆಮ್ ಚಹಾ ಕುಡಿದು ಮುಗಿಸುವಷ್ಟರಲ್ಲಿ ನ್ಯಾಯ ಮುಗಿಯಿತು. ಮಬ್ರೂಕಾ ಕೆಲ್ಲಾಳ ಪಾಲಾದಳು. ಬಿಡಾರವೆಲ್ಲ ಭೇಷ್ ಎಂದಿತು. ಕೆಲ್ಲಾ ಎಲ್ಲರಿಗೂ ಖರ್ಜೂರ ಹಂಚಿದಳು. ಮೂರನೆಯ ಕಿವಿ!

ತೆಹಿತಾ ಎಂಟು ದಿನ ಗುಡಾರದಿಂದ ಹೊರಗೆ ಬರಲಿಲ್ಲ. ಆ ಉರಿಯೆಲ್ಲ ಫೆನ್ನಾಳ ಮೇಲೆ ಬಿತ್ತು. ಇಬ್ಬರ ಕೆಲಸ ಒಬ್ಬಳಿಗಾಯಿತು, ಒಬ್ಬಳ ಊಟ ಅರ್ಧವಾಯಿತು.

ಆದರೆ ಫೆನ್ನಾಳನ್ನು ತಿಂದದ್ದು ಹಸಿವಲ್ಲ, ಹೊಟ್ಟೆಕಿಚ್ಚು. ಸಜ್ಜೆ ಕುಟ್ಟುವಾಗ ನಾಲ್ಕು ಗುಡಾರದಾಚೆಯಿಂದ ಇನ್ನೊಂದು ಒನಕೆಯ ಸದ್ದು ಕೇಳಿಸುತ್ತಿತ್ತು. ಅದು ಬೇಗ ನಿಂತುಹೋಗುತ್ತಿತ್ತು. ಅಲ್ಲಿ ನಾಲ್ವರು ಕುಟ್ಟುತ್ತಾರೆ, ಬೇಗ ಮುಗಿಯುತ್ತದೆ. ಮುಗಿದ ಮೇಲೆ ಮಬ್ರೂಕಾ ಏನು ಮಾಡುತ್ತಾಳೋ? ನೆರಳಲ್ಲಿ ಕೂರುತ್ತಾಳೋ? ಕೆಲ್ಲಾಳ ಗುಡಾರದಲ್ಲಿ ಗಂಜಿಗೆ ಬೆಣ್ಣೆ ಹಾಕಿಕೊಡುತ್ತಾರಂತೆ. ಆ ಬೆಣ್ಣೆ ನನ್ನದು ಎಂದು ಫೆನ್ನಾ ಒನಕೆ ಎತ್ತುವಾಗೊಮ್ಮೆ, ಇಳಿಸುವಾಗೊಮ್ಮೆ ಅಂದುಕೊಳ್ಳುತ್ತಿದ್ದಳು. ಆ ನೆರಳೂ ನನ್ನದು. ನನ್ನ ಚೂರಿ, ನನ್ನ ಮೂರು ವರ್ಷ, ನನ್ನ ಒಂಟೆ.

"ನೀನೂ ಹೋಗಿ ಇನ್ನೊಂದು ಒಂಟೆ ಕಿವಿ ಹಿಡಿಯೇ," ಎಂದಳು ದೀಜಾ. "ಕೆಲ್ಲಮ್ಮಂಗೆ ಬೇಡ ಅಂತಾರಾ?"

"ಅವಳು ತಿಂದು ಬಿಟ್ಟ ಬೆಣ್ಣೆಗೆ ನಾನು ಕೈ ಒಡ್ಡಲಾ? ಅವಳ ಹಿಂದೆ ಹೋಗಿ ನಿಲ್ಲಲಾ? ಸಾಯ್ತೀನಿ, ಹೋಗಲ್ಲ."

"ನಿಮ್ಮಮ್ಮ ತೆಹಿತಾನ ಹಾಗೇ ಮಾತಾಡ್ತಿದೀಯ," ಎಂದು ದೀಜಾ ಕಾಳು ತೂರಿದಳು. "ಅವಳಿಗೆ ಕೆಲ್ಲಾನ ಒಂಟೆ ಕಂಡ್ರೆ ಆಗಲ್ಲ, ನಿನಗೆ ಒಡಹುಟ್ಟಿದವಳು ಕಂಡ್ರೆ ಆಗಲ್ಲ. ಒಳ್ಳೆ ಜೋಡಿ."

ಬಾವಿಯ ಹತ್ತಿರ ಜಾಲಿ ಮರದ ಕೆಳಗೆ ಮಬ್ರೂಕಾ ಎದುರಾದದ್ದು ಒಂದು ತಿಂಗಳ ಮೇಲೆ. ಮೈಗೆ ಬಣ್ಣ ಹತ್ತುವಂಥ ಹೊಸ ನೀಲಿ ಬಟ್ಟೆ, ಬೆಣ್ಣೆ ಹಚ್ಚಿ ಹೆಣೆದ ಜಡೆ. ಕೆನ್ನೆ ತುಂಬಿಕೊಂಡಿತ್ತು. ಫೆನ್ನಾ ನೋಡಬಾರದೆಂದುಕೊಂಡೂ ಎಲ್ಲವನ್ನೂ ನೋಡಿದಳು.

"ಅಕ್ಕಾ."

"ಯಾರಿಗೆ ಅಕ್ಕ? ಕೆಲ್ಲಮ್ಮನ ಗುಡಾರದೋರಿಗೆ ನಾವೆಲ್ಲಿಯ ನೆಂಟರು?"

ಮಬ್ರೂಕಾ ಸೆರಗಿನಿಂದ ಎಲೆಯಲ್ಲಿ ಸುತ್ತಿದ ಒಂದು ಉಂಡೆ ಬೆಣ್ಣೆ ತೆಗೆದಳು. "ದಿನಾ ನೀನು ಚೂರಿ ಮಸೀತಿದ್ದ ಈ ಕಲ್ಲಿನ ಕೆಳಗೆ ಇಡ್ತಿದ್ದೆ. ನೀನು ತಗೊಳ್ಳಲೇ ಇಲ್ಲ. ಇರುವೆ ತಿಂದವು. ತಗೋ, ತಿನ್ನು. ಎಷ್ಟು ಬಡವಾಗಿದೀಯ."

"ನಿನ್ನ ಎಂಜಲು ನಿನಗೇ ಇರ್ಲಿ."

"ಎಂಜಲಲ್ಲ ಅಕ್ಕ, ನನ್ನ ಪಾಲು. ನಾನು ತಿನ್ನದೆ ಇಟ್ಟಿದ್ದು." ಅವಳ ಕಣ್ಣು ತುಂಬಿತು. "ಇಗೋ ನಿನ್ನ ಚೂರಿ. ನೀನೂ ಬಾ. ಮೂರು ವರ್ಷ ನಾಳೆ ನಾಡಿದ್ದು ಅಂತಿದ್ದೆ. ನಿನಗೆ ಧೈರ್ಯ ಬರಲ್ಲ, ನಾನು ಮೊದಲು ಹಾರಿದ್ರೆ ಹಿಂದೆ ಬರ್ತೀಯ ಅಂತ ಹಾರಿದೆ. ನೀನು ಬಾರದೇ ಹೋದೆ."

ಧೈರ್ಯ ಬರಲ್ಲ ಎಂಬ ಆ ಮಾತು ಫೆನ್ನಾಳಿಗೆ ಚುಚ್ಚಿತು. ನಿಜವಾದ್ದರಿಂದ ಹೆಚ್ಚು ಚುಚ್ಚಿತು. ಬೆಣ್ಣೆಯನ್ನು ಕಿತ್ತು ಮರಳಿಗೆ ಎಸೆದಳು. ಚೂರಿಯನ್ನು ಮಾತ್ರ ಇಸಿದುಕೊಂಡಳು, ತನ್ನದೆಂದು. ನೀರಿನ ತೊಗಲು ಬೆನ್ನಿಗೇರಿಸಿ ತಿರುಗಿ ನೋಡದೆ ಹೊರಟಳು.

ಇದಾದ ಸ್ವಲ್ಪ ದಿನಕ್ಕೆ ಕೆಲ್ಲಾಳ ತಂಗಿಯ ಮಗಳ ಮದುವೆ ಗೊತ್ತಾಯಿತು. ಹುಡುಗ ದಕ್ಷಿಣದವನು, ಇಪ್ಪತ್ತು ದಿನದ ಪಯಣ. ಹುಡುಗಿಯ ಹೊಸ ಗುಡಾರದ ಜೊತೆ ಒಬ್ಬಳು ತೊತ್ತನ್ನು ಕೊಡಬೇಕಾದ್ದು ಪದ್ಧತಿ, ಕೊಡಬೇಕಾದವಳು ದೊಡ್ಡಮ್ಮ ಕೆಲ್ಲಾ. ನಮ್ಮಲ್ಲಿ ಇನ್ನೊಂದು ಮರ್ಯಾದೆಯೂ ಉಂಟು. ಬಿಡಾರದಲ್ಲಿ ಒಡಹುಟ್ಟಿದವರಿರುವ ತೊತ್ತನ್ನು, ಆ ಒಡಹುಟ್ಟಿದವರು ಬೇಡವೆಂದರೆ, ದೂರಕ್ಕೆ ಕೊಡುವುದಿಲ್ಲ. ನೋಡಿ, ನಮ್ಮಲ್ಲಿ ದಯೆಗೇನೂ ಕೊರತೆಯಿರಲಿಲ್ಲ!

ಕೆಲ್ಲಾ ಅದನ್ನು ಪಾಲಿಸಿದಳು. ನೀರು ಹೊತ್ತು ಹೋಗುತ್ತಿದ್ದ ಫೆನ್ನಾಳನ್ನು ನೆರಳಿಗೆ ಕರೆದಳು.

"ಮಗಳೇ ಫೆನ್ನಾ, ಮಬ್ರೂಕಾನ್ನ ಹುಡುಗಿ ಜೊತೆ ದಕ್ಷಿಣಕ್ಕೆ ಕಳಿಸೋಣ ಅಂತಿದೀನಿ. ಅಕ್ಕನ್ನ ಬಿಟ್ಟು ಹೋಗಲ್ಲ ಅಂತ ಅಳ್ತಾಳೆ. ನೀನೇನಂತೀ?"

ಫೆನ್ನಾಳಿಗೆ ಮೊದಲು ಕಂಡದ್ದು ಮದುವೆಯ ಊಟ. ಆಮೇಲೆ ಮದುವೆಗೆಂದು ಕೊಡುವ ಇನ್ನೊಂದು ಹೊಸ ಬಟ್ಟೆ. ಅದೂ ಅವಳಿಗೇ, ಎಲ್ಲವೂ ಅವಳಿಗೇ. ಇಪ್ಪತ್ತು ದಿನದ ದಾರಿಯಾಚೆಗೆ ಹೋದವರು ಯಾರೂ ತಿರುಗಿ ಬಂದಿಲ್ಲವೆಂಬುದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಆ ಗಳಿಗೆಯಲ್ಲಿ ಅದನ್ನು ನೆನೆಯಲು ಹೊಟ್ಟೆಯೊಳಗಿನ ಕಿಚ್ಚು ಬಿಡಲಿಲ್ಲ.

"ನನಗೊಬ್ಬ ತಂಗಿ ಇದ್ದಳು ಕೆಲ್ಲಮ್ಮ," ಎಂದಳು. "ನಿಮ್ಮ ಬಿಳಿ ಒಂಟೆ ಕಿವಿ ಕೊಯ್ದ ದಿನ ಅವಳು ಹೋದಳು. ಈಗ ನಿಮ್ಮ ಗುಡಾರದಲ್ಲಿರೋಳು ಯಾರೋ, ನನಗೆ ಗೊತ್ತಿಲ್ಲ."

"ಹಾಗಾದ್ರೆ ಸರಿ," ಎಂದಳು ಕೆಲ್ಲಾ.

ಆ ಇಡೀ ದಿನ ಫೆನ್ನಾ ಹಗುರವಾಗಿದ್ದಳು. ಒನಕೆ ಕೂಡ ಹಗುರವೆನಿಸಿತು. ಸಂಜೆ ದೀಜಾ ಎದುರಿಗೆ ಬಂದು ಕೂತು ಅವಳ ಮುಖವನ್ನೇ ನೋಡಿದಳು.

"ಸಮಾಧಾನ ಆಯ್ತೇನೇ?"

"ಏನಾಯ್ತು?"

"ಕೆಲ್ಲಮ್ಮ ಸಾಮಾನು ಲೆಕ್ಕ ಹಾಕ್ಸಿದ್ರು. ಗುಡಾರ ಒಂದು, ಚಾಪೆ ನಾಲ್ಕು, ಒರಳು ಒಂದು, ಮಬ್ರೂಕಾ ಒಂದು." ದೀಜಾಳ ಮುಖದಲ್ಲಿ ಎಂದಿನ ನಗುವಿರಲಿಲ್ಲ. "ನಿಮ್ಮ ಹೆತ್ತಮ್ಮ ಸಾಯೋವಾಗ ಆ ಮಗೂನ ನಿನ್ನ ಮಡಿಲಿಗೆ ಹಾಕಿದ್ದು ನಾನು. ನನ್ನ ಕೈಯಾರೆ ಹಾಕಿದ್ದೆ."

ಫೆನ್ನಾಳ ಕೈಯಲ್ಲಿದ್ದ ಸಜ್ಜೆಯ ಮೊರ ಹಾಗೆಯೇ ನೆಲಕ್ಕೆ ಬಿತ್ತು. ಆ ಮಗುವಿನ ಭಾರ ಬೆನ್ನಿಗೆ ಬಂದಂತಾಯಿತು. ಒರಳಿನ ಮುಂದೆ ಬಗ್ಗಿದಾಗಲೆಲ್ಲ ಕತ್ತಿಗೆ ತಾಗುತ್ತಿದ್ದ ಬಿಸಿಯುಸಿರು ನೆನಪಾಯಿತು. ನಾನೇನು ಮಾಡಿಬಿಟ್ಟೆ ಎಂದು ಅವಳು ಎದ್ದು ಓಡಿದಳು.

ಗುಡಾರದ ಮುಂದೆ ಕೆಲ್ಲಾಳ ಜೊತೆ ಉಕ್ಸೆಮ್ ಚಹಾಕ್ಕೆ ಕೂತಿದ್ದ. ಫೆನ್ನಾ ಇಬ್ಬರ ಮುಂದೆ ಮರಳಿನಲ್ಲಿ ಮೊಣಕಾಲೂರಿದಳು.

"ಸುಳ್ಳು ಹೇಳ್ದೆ ಕೆಲ್ಲಮ್ಮ. ಹೊಟ್ಟೆಕಿಚ್ಚಿಗೆ ಹೇಳ್ದೆ. ಅವಳು ನನ್ನ ತಂಗಿ. ಕಳಿಸಬೇಡಿ."

"ಈಗ ಬಂದು ಹೇಳಿದ್ರೆ ಹೆಂಗಮ್ಮ?" ಕೆಲ್ಲಾಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ಗಂಡಿನ ಕಡೆಯೋರಿಗೆ ಮಾತು ಹೋಗಿದೆ. ನಾನು ಕೇಳಿದ್ದೆ ತಾನೇ? ಕೇಳದೆ ಮಾಡಿದ್ನಾ?"

"ಅಳಬೇಡ," ಎಂದ ಉಕ್ಸೆಮ್. "ಒಳ್ಳೆ ಜನ ಅವರು, ಚೆನ್ನಾಗಿ ನೋಡ್ಕೋತಾರೆ. ಬೇರೆ ನಾಡಲ್ಲಿ ಗುಲಾಮರನ್ನ ಸಂತೇಲಿ ಹಲ್ಲು ಹಿಡಿದು ನೋಡಿ ಮಾರ್ತಾರೆ, ಗೊತ್ತಾ? ನಮ್ಮಷ್ಟು ದಯೆ ಇರೋ ಕಟ್ಟಳೆ ಎಲ್ಲಿದೆ ತೋರ್ಸು. ನಮ್ಮಲ್ಲಿ ಗುಲಾಮನೇ ಒಡೆಯನ್ನ ಆರಿಸ್ಕೋತಾನೆ. ನಿನ್ನ ತಂಗಿ ಆರಿಸ್ಕೊಳ್ಲಿಲ್ವಾ?"

"ಅವಳು ಆರಿಸ್ಕೊಂಡಿದ್ದು ಕೆಲ್ಲಮ್ಮನ್ನ, ಅಜ್ಜ. ದಕ್ಷಿಣದೋರನ್ನಲ್ಲ."

"ಒಡತಿ ಆದ್ಮೇಲೆ ಒಡತಿ ಇಷ್ಟ. ಇಟ್ಕೋಬಹುದು, ಕೊಡಬಹುದು."

"ಹಾಗಾದ್ರೆ ಅವಳು ಆರಿಸ್ಕೊಂಡಿದ್ದೇನು ಅಜ್ಜ?"

ಉಕ್ಸೆಮ್ ಚಹಾವನ್ನು ಎತ್ತರದಿಂದ ಲೋಟಕ್ಕೆ ಸುರಿದ, ನೊರೆ ಬಂತೇ ಎಂದು ನೋಡಿದ. "ಹೆಂಗಸರ ಜೊತೆ ವಾದ ಮಾಡಬಾರದು," ಎಂದು ಕೆಲ್ಲಾಳಿಗೆ ಹೇಳಿ ನಕ್ಕ. ಅವಳೂ ನಕ್ಕಳು.

ಫೆನ್ನಾ ತನ್ನ ಒಡತಿಯ ಹತ್ತಿರ ಹೋದಳು. ಬೇರೆ ದಾರಿಯಿರಲಿಲ್ಲ. "ಅಮ್ಮ, ನನ್ನನ್ನೂ ಮದುವೆ ಹುಡುಗಿ ಜೊತೆ ಕೊಟ್ಟುಬಿಡಿ. ತಂಗಿ ಜೊತೆ ಇರ್ತೀನಿ. ನಿಮ್ಮ ಹೆಸರು ಹೇಳ್ಕೊಂಡು ಇರ್ತೀನಿ."

"ಕೆಲ್ಲಾನ ಮನೆ ಮದುವೆಗೆ ನಾನು ತೊತ್ತು ಕೊಡೋದಾ?" ತೆಹಿತಾ ಎದ್ದು ಕೂತಳು. "ಒಂದು ತುಂಡು ಹಗ್ಗ ಕೊಡಲ್ಲ. ಒಬ್ಬಳನ್ನ ಕಸಿದ್ಕೊಂಡು ಬಿಡಾರದಲ್ಲೆಲ್ಲ ನನ್ನ ಮಾನ ಕಳೆದಳು. ಇನ್ನೊಬ್ಬಳನ್ನ ನಾನೇ ತಟ್ಟೇಲಿಟ್ಟು ಕೊಡಲಾ? ಹೋಗು, ಒಲೆ ಹಚ್ಚು."

ಹೊರಡುವ ದಿನ ಬಂತು. ಬೆಳಗಿನ ಬಿಸಿಲು ಏರುವ ಹೊತ್ತಿಗೆ ಬಿಡಾರವೆಲ್ಲ ಒಣಹೊಳೆಯ ದಡದಲ್ಲಿ ಸೇರಿತ್ತು. ಮುಂದುಗಡೆ ಕೆಲ್ಲಾಳ ಮೂರು ಮೊಂಡುಗಿವಿಯ ಒಂಟೆಗಳು, ಕೆಂಪು ತೊಗಲಿನ ಗೊಂಡೆಗಳನ್ನು ಕಟ್ಟಿಸಿಕೊಂಡು, ಬಂದವರೆಲ್ಲ ನೋಡಲೆಂದು ನಿಂತಿದ್ದವು. ಮದುವೆಯ ಹುಡುಗಿ ಕೂತದ್ದು ಕೆಲ್ಲಾ ತನ್ನ ಮಂದೆಯಿಂದಲೇ ಏರಲು ಕೊಟ್ಟ ಕಪ್ಪು ಒಂಟೆಯ ಮೇಲೆ. ಹಿಂದಿನ ಕತ್ತೆಗಳ ಮೇಲೆ ಗುಡಾರದ ತೊಗಲು, ಚಾಪೆ, ಒರಳು. ಒರಳಿನ ಪಕ್ಕದಲ್ಲಿ ಹೊಸ ನೀಲಿ ಬಟ್ಟೆಯುಟ್ಟ ಮಬ್ರೂಕಾ ನಿಂತಿದ್ದಳು. ಅವಳು ಯಾರನ್ನೂ ನೋಡುತ್ತಿರಲಿಲ್ಲ.

ಫೆನ್ನಾ ರಾತ್ರಿಯೆಲ್ಲ ಯೋಚಿಸಿ ಒಂದು ತೀರ್ಮಾನಕ್ಕೆ ಬಂದಿದ್ದಳು. ಕಪ್ಪು ಒಂಟೆಯ ಕಿವಿ ಕೊಯ್ದರೆ ತಾನು ಕೆಲ್ಲಾಳ ಪಾಲು. ಕೆಲ್ಲಾ ತನ್ನನ್ನೂ ಹುಡುಗಿಗೆ ಕೊಟ್ಟಾಳು. ಗುಲಾಮಳಾಗಿಯೇ ಆದರೂ ತಂಗಿಯ ಜೊತೆ ಇದ್ದೇನು. ಕಟ್ಟಳೆ ಬಿಟ್ಟ ಬಾಗಿಲು ಅದೊಂದೇ.

ಸೆರಗಿನಿಂದ ಚೂರಿ ತೆಗೆದು ನೆಟ್ಟಗೆ ಒಂಟೆಯತ್ತ ನಡೆದಳು. ಯಾರೋ ಚೀರಿದರು. ಮಬ್ರೂಕಾ ತಲೆಯೆತ್ತಿದಳು. "ಅಕ್ಕಾ, ಬೇಡ! ನೀನಾದ್ರೂ ಇಲ್ಲಿರು!"

"ಹಿಡೀರೋ ಅವಳನ್ನ!" ತೆಹಿತಾ ಬರಿಗಾಲಲ್ಲಿ ಓಡಿಬಂದಳು. "ಏಯ್ ಫೆನ್ನಾ! ಯಾರದಾದ್ರೂ ಕೊಯ್ಯಿ, ಇವಳದು ಬೇಡ! ಇವಳದೊಂದು ಬೇಡ!"

ಕೆಲ್ಲಾ ಓಡಲಿಲ್ಲ, ಬೈಯಲಿಲ್ಲ. ಒಂಟೆಯ ಮೂಗುದಾರ ಹಿಡಿದು ಅದರ ತಲೆ ಬಗ್ಗಿಸಿದಳು. ಗಂಡಿನ ಕಡೆಯವರು, ಬಿಡಾರದವರು ಎಲ್ಲರೂ ನೋಡುತ್ತಿರುವಾಗ ಒಂಟೆಯ ಕಿವಿಯನ್ನು ತಾನೇ ನೀವಿ ಫೆನ್ನಾಳ ಕಡೆ ತಿರುಗಿಸಿಕೊಟ್ಟಳು. "ಬಾ ಮಗಳೇ," ಎಂದಳು. ಮುಖದ ತುಂಬ ನಗು. ಆ ನಗು ಫೆನ್ನಾಳನ್ನು ನೋಡುತ್ತಿರಲಿಲ್ಲ. ಅವಳ ಭುಜದ ಮೇಲಿಂದ ಹಾದು ಹಿಂದೆ ನಿಂತು ಉರಿಯುತ್ತಿದ್ದ ತೆಹಿತಾಳನ್ನು ನೋಡುತ್ತಿತ್ತು.

ಫೆನ್ನಾಳ ಕೈ ಅಲ್ಲೇ ನಿಂತಿತು.

ಇಷ್ಟು ದಿನ ತಾನು ಉರಿದದ್ದೂ ಇದೇ ಉರಿ ಎಂದು ಅವಳಿಗೆ ಹೊಳೆಯಿತು. ಇವರಿಬ್ಬರ ನಡುವಿನ ಕಿಚ್ಚಿಗೆ ತಾನೊಂದು ಸೌದೆ, ಮಬ್ರೂಕಾ ಒಂದು ಸೌದೆ. ಆ ಬೆಣ್ಣೆ ಗುಲಾಮರಿಗೆಂದು ಹಾಕಿದ್ದಲ್ಲ, ಒಂಟೆಯ ಕಿವಿಗಳಿಗೆಂದು ಹಾಕಿದ್ದು. ಆ ಬೆಣ್ಣೆಗೆ ಆಸೆಪಟ್ಟು ನಾನು ಬೆನ್ನ ಮೇಲೆ ಬೆಳೆಸಿದ ಮಗುವನ್ನು ಕೊಟ್ಟುಬಿಟ್ಟೆ. ಈಗ ಮತ್ತೆ ಅದೇ ಕಿವಿಯ ಮುಂದೆ ಬಂದು ನಿಂತಿದ್ದೇನೆ, ನಾನಾಗಿಯೇ, ಕೈಯಲ್ಲಿ ಚೂರಿ ಹಿಡಿದು.

"ಯಾಕೇ, ನಿಂತುಬಿಟ್ಟೆ?" ಎಂದಳು ಕೆಲ್ಲಾ. "ಕೊಯ್ಯಿ."

ಫೆನ್ನಾ ಎಡಗೈಯಿಂದ ತನ್ನ ತಲೆಯ ಬಟ್ಟೆ ಸರಿಸಿದಳು. ತನ್ನದೇ ಎಡಗಿವಿಯ ತುದಿಯನ್ನು ಬೆರಳಲ್ಲಿ ಹಿಡಿದು ಎಳೆದಳು. ಮೂರು ವರ್ಷ ಮಸೆದ ಚೂರಿ, ಎರಡು ಸಲ ಎಳೆಯುವ ಕೆಲಸ ಬೀಳಲಿಲ್ಲ. ರಕ್ತ ಕತ್ತಿಗಿಳಿದು ಹೆಗಲ ಮೇಲಿನ ಹರಕು ಬಟ್ಟೆಯನ್ನು ನೆನೆಸಿತು. ನೋವಿಗೆ ಅವಳ ಕಣ್ಣಲ್ಲಿ ನೀರು ಬಂತು, ಆದರೆ ಅವಳು ನೆಟ್ಟಗೇ ನಿಂತಿದ್ದಳು.



"ಉಕ್ಸೆಮಜ್ಜ," ಎಂದಳು. "ನ್ಯಾಯ ಹೇಳಿ. ಯಾರ ಕಿವಿ ಕೊಯ್ತಾರೋ ಅವರೇ ಒಡೆಯರು ತಾನೇ? ನಾನು ಕೊಯ್ದಿದ್ದು ಫೆನ್ನಾನ ಕಿವಿ. ಇನ್ನು ನಾನು ಫೆನ್ನಾನ ಪಾಲು."

ಮೊದಲು ಯಾರೋ ನಕ್ಕರು. ಆ ನಗುವಿಗೆ ಜೊತೆಯಾಗಿ ಯಾರೂ ನಗಲಿಲ್ಲ.

"ಹುಚ್ಚು ಮಾತು," ಎಂದ ಉಕ್ಸೆಮ್, ಕೋಲೂರಿ ಮುಂದೆ ಬಂದು. "ಗುಲಾಮರಿಗೆ ಆಸ್ತಿ ಎಲ್ಲಿಂದ ಬಂತು? ನಿನ್ನ ಕಿವಿ ನಿನ್ನದಲ್ಲ. ನಿನ್ನ ಮೈಯೆಲ್ಲ ಹೇಗೆ ತೆಹಿತಾನದೋ ಹಾಗೇ ಕಿವೀನೂ ತೆಹಿತಾನದೇ."

"ಹಾಗಾದ್ರೆ ಅಮ್ಮನ್ನ ಕೇಳಿ ಅಜ್ಜ, ನೋಯ್ತಿದೆಯಾ ಅಂತ."

ಎಲ್ಲರೂ ತೆಹಿತಾಳತ್ತ ತಿರುಗಿದರು. ಅವಳ ಕೈ ತಾನಾಗಿ ತನ್ನ ಕಿವಿಗೆ ಹೋಯಿತು, ಅಲ್ಲಿ ಬೆಳ್ಳಿಯ ಓಲೆ ನೆಟ್ಟಗೆ ತೂಗುತ್ತಿತ್ತು.

"ಅಜ್ಜ, ನಿಮ್ಮ ಕಿವಿ ಕೊಯ್ದಾಗ ನೋವಾಗಿದ್ದು ಯಾರಿಗೆ?"

"ನನಗೆ," ಎಂದುಬಿಟ್ಟ ಉಕ್ಸೆಮ್. ಯೋಚಿಸುವ ಮೊದಲೇ ಮಾತು ಬಂದಿತ್ತು.

"ಅದಕ್ಕೇ ಅವನು ನಿಮ್ಮ ಪಾಲಿಗೆ ಬಂದ. ಇದು ನೋಯ್ತಿರೋದು ನನಗೆ. ಇನ್ಯಾರಿಗೂ ಅಲ್ಲ."

ಐವತ್ತು ವರ್ಷ ನ್ಯಾಯ ಹೇಳಿದ ಮುದುಕ ಕೋಲಿನ ತುದಿಯಿಂದ ಮರಳು ಕೆದಕುತ್ತಾ ನಿಂತ. ಇಂಥದ್ದು ಹಿಂದೆಂದೂ ನಡೆದಿಲ್ಲ ಎಂದ. ಕೇಳಿಲ್ಲ ಎಂದ. ಹಿರಿಯರು ಇದನ್ನು ಹೇಳಿ ಹೋಗಿಲ್ಲ ಎಂದ. ಅವನ ದನಿ ಸಣ್ಣದಾಗುತ್ತಾ ಹೋಯಿತು. ಆಮೇಲೆ ಮುಸುಕನ್ನು ಬಿಚ್ಚಿ ಮತ್ತೆ ಸುತ್ತಿಕೊಂಡ. ಈ ಸಲ ಆ ಮೊಂಡುಗಿವಿ ಒಳಗಾಯಿತು. ಬಿಡಾರದವರು ಅದನ್ನು ಮುಚ್ಚಿಕೊಂಡ ಉಕ್ಸೆಮ್‌ನನ್ನು ಕಂಡದ್ದು ಅದೇ ಮೊದಲು.

"ಏನು ನೋಡ್ತಾ ನಿಂತಿದೀರಿ!" ತೆಹಿತಾ ಕೂಗಿದಳು. "ಎಳ್ಕೊಂಡು ಬನ್ರೋ! ಗುಡಾರದ ಗೂಟಕ್ಕೆ ಕಟ್ಟಿಹಾಕಿ!"

ಅವಳ ಮಂದೆ ಕಾಯುವ ಇಬ್ಬರು ಗುಲಾಮರು ಅಲ್ಲೇ ಇದ್ದರು, ಗಟ್ಟಿಮುಟ್ಟಾದ ಆಳುಗಳು. ಅವರು ಒಬ್ಬರನ್ನೊಬ್ಬರು ನೋಡಿಕೊಂಡು ತಮ್ಮ ಕಾಲನ್ನು ನೋಡುತ್ತಾ ನಿಂತರು. ಕೆಲ್ಲಾಳ ಜನರೂ ಕದಲಲಿಲ್ಲ. ಕೆಲ್ಲಾ ಮಾತ್ರ ಕಪ್ಪು ಒಂಟೆಯ ಕಿವಿಯನ್ನು ಇನ್ನೂ ಹಿಡಿದೇ ಇದ್ದಳು, ಯಾಕೆ ಹಿಡಿದಿದ್ದೇನೆಂಬುದು ಮರೆತವಳ ಹಾಗೆ.

ಫೆನ್ನಾ ಸೆರಗಿನಿಂದ ಕಿವಿ ಒತ್ತಿಕೊಂಡು ಕತ್ತೆಗಳ ಹತ್ತಿರ ನಡೆದಳು.

"ನಾನೇ ನಿನ್ನ ಕೊಟ್ಟಿದ್ದು ಮಗೂ," ಎಂದಳು ಫೆನ್ನಾ. "ಕೆಲ್ಲಮ್ಮ ಕೇಳಿದಾಗ ತಂಗಿ ಇಲ್ಲ ಅಂದೆ. ನಿನ್ನ ಬೆಣ್ಣೆಗೆ, ನಿನ್ನ ಬಟ್ಟೆಗೆ ಉರ್ಕೊಂಡು ಅಂದೆ. ನೀನು ಬೈದ್ರೂ ಸರಿ, ನಿನ್ನ ಜೊತೆ ಬರ್ತೀನಿ. ಯಾರ ಸಾಮಾನಾಗೂ ಅಲ್ಲ, ನನ್ನ ಕಾಲ ಮೇಲೆ ನಡ್ಕೊಂಡು ಬರ್ತೀನಿ. ಇಪ್ಪತ್ತು ದಿನ ಆಗ್ಲಿ, ಇನ್ನೂರು ದಿನ ಆಗ್ಲಿ."

ಮಬ್ರೂಕಾ ಬೈಯಲಿಲ್ಲ. ಅಕ್ಕನ ಕತ್ತಿನ ರಕ್ತವನ್ನು ತನ್ನ ಹೊಸ ನೀಲಿ ಬಟ್ಟೆಯ ತುದಿಯಿಂದ ಒರೆಸಿದಳು. ಒಂದು ಸಲ ಒರಳನ್ನು ನೋಡಿದಳು, ಒಂದು ಸಲ ಒಂಟೆಯ ಮೇಲೆ ಕೂತ ಹುಡುಗಿಯನ್ನು. ಮತ್ತೆ ಅಂಗೈ ಚಾಚಿದಳು.

"ಅಕ್ಕಾ, ಆ ಚೂರಿ ಕೊಡು."

ಈ ಸಲವೂ ತಂಗಿ ಅದೇ ಚೂರಿ ಇಸಿದುಕೊಳ್ಳುತ್ತಿದ್ದಳು. ಫೆನ್ನಾಳ ಹೊಟ್ಟೆಯಲ್ಲಿ ಯಾವ ಕಿಚ್ಚೂ ಏಳಲಿಲ್ಲ. ಚೂರಿಯನ್ನು ಸೆರಗಿನಲ್ಲಿ ಒರೆಸಿ ತಂಗಿಯ ಕೈಯಲ್ಲಿಟ್ಟಳು.

ಜನರ ಹಿಂದಿನಿಂದ ಕಾಲೆಳೆಯುವ ಸದ್ದು ಕೇಳಿಸಿತು. ದೀಜಾ ಎಲ್ಲರನ್ನೂ ಮೊಣಕೈಯಿಂದ ಸರಿಸುತ್ತಾ ಬರುತ್ತಿದ್ದಳು, ತಲೆಯ ಬಟ್ಟೆಯನ್ನು ಆಗಲೇ ಬಿಚ್ಚುತ್ತಾ.

"ಅವಳದಾದ ಮೇಲೆ ಇತ್ತ ತಾರೇ," ಎಂದಳು. "ನನ್ನ ಕಾಲು ಒಂದು ಹೋಗಿದೆ ಅಷ್ಟೇ. ಕಿವಿ ಎರಡೂ ನೆಟ್ಟಗಿವೆ."